ಒಂದು ಸೀಟಿಗೆ ಬಿಟ್ಟ ಬಾಣ

ಶಾಂತಪ್ಪ ಸಾಹುಕಾರರ ಚಹಾ ಆರುತ್ತಿತ್ತು. ಸಕ್ಕರೆ ಇಲ್ಲದ ಚಹಾ, ಆರಿದರೆ ಕಷಾಯವೇ. ಶರೀಫಾಬೀ ಲೋಟ ಹಿಡಿದುಕೊಂಡು ಮೈದಾನದೊಳಗೆ ನಡೆದಳು. ವಾಪಸು ಬರುವಾಗ ಕೈಯಲ್ಲಿ ಲೋಟ ಇರಲಿಲ್ಲ, ಗಂಟಲಲ್ಲಿ ಧ್ವನಿ ಇರಲಿಲ್ಲ. ಗೇಟಿನ ಬಳಿಯ ತನ್ನ ಚಹಾಗಾಡಿಯನ್ನು ಎರಡೂ ಕೈಯಿಂದ ಹಿಡಿದು ನಿಂತುಬಿಟ್ಟಳು. ಠಾಣೆಗೆ ಫೋನ್ ಮಾಡಿದವನು ಹಾಲು ಹಾಕಲು ಬಂದ ಗೌಳಿ.

ಅವತ್ತು ವಿಜಯದಶಮಿ. ಸುರಪುರ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಪರಿಮಳಾ ಮಧ್ಯಾಹ್ನದ ಬಸ್ಸಿಗೆ ವಡಗೇರಾಕ್ಕೆ ಹೋಗುವವಳಿದ್ದಳು. ಅವಳ ಮನೆಯವರು ಬೌದ್ಧರು. ಅವರಿಗೆ ಈ ದಿನ ಬುದ್ಧವಂದನೆಯ ದಿನ, ಬನ್ನಿಯ ದಿನವಲ್ಲ. ಅವ್ವ ಹೋಳಿಗೆ ಮಾಡಿ ಕಾಯುತ್ತಿದ್ದಳು. ಜೀಪಿನಿಂದ ಇಳಿದು ಮೈದಾನದ ಆ ತುದಿ ನೋಡಿದ ಕೂಡಲೇ ಪರಿಮಳಾ ಹೋಳಿಗೆಯ ಆಸೆ ಬಿಟ್ಟಳು.

ಜೋಳದ ಕಣಿಕೆ ಬಿಗಿದು ಕಟ್ಟಿದ ಗುರಿಗಳು ಸಾಲಾಗಿ ನಿಂತಿದ್ದವು. ನಡುವಿನ ಗುರಿಯ ಪಕ್ಕ ಶಾಂತಪ್ಪ ಅಂಗಾತ ಬಿದ್ದಿದ್ದರು. ಬಿಳಿ ಜುಬ್ಬಾದ ಎಡಗಡೆ ಬಿದಿರಿನ ಬಾಣ ನೆಟ್ಟಿತ್ತು. ಕಣ್ಣು ತೆರೆದೇ ಇದ್ದವು. ಬಾಣ ಬರುವುದನ್ನು ಮನುಷ್ಯ ನೋಡಿಯೇ ಸತ್ತಿದ್ದ.

ಶಹಾಪುರದ ದೊಡ್ಡ ಬಟ್ಟೆ ಅಂಗಡಿಯ ಮಾಲೀಕರು ಅವರು. ಅದಕ್ಕಿಂತ ಹೆಚ್ಚಾಗಿ ಕೃಷ್ಣಾ-ಭೀಮಾ ಕ್ರೀಡಾಕೂಟದ ಕಾರ್ಯದರ್ಶಿ. ಪ್ರತಿ ದಸರೆಗೆ ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಪಾಳಿಯ ಮೇಲೆ ನಡೆಯುವ ಕೂಟ ಅದು. ಕಬಡ್ಡಿ, ಖೋಖೋ, ಕುಸ್ತಿ, ಓಟ ಎಲ್ಲವೂ ಉಂಟು. ಈ ಸಲ ಸುರಪುರದ ಪಾಳಿ, ಹದಿನೈದು ವರ್ಷಗಳ ನಂತರ ಬಿಲ್ಲುಗಾರಿಕೆಯೂ ಮರಳಿತ್ತು. ಸಂಜೆ ಉದ್ಘಾಟನೆ. ಸಕ್ಕರೆ ಕಾಯಿಲೆಯ ಶಾಂತಪ್ಪ ದಿನಾ ಬೆಳಿಗ್ಗೆ ಅತಿಥಿಗೃಹದಿಂದ ಬಂದು ಮೈದಾನ ಸುತ್ತುತ್ತಿದ್ದರು.

ಪರಿಮಳಾ ಬಗ್ಗಿ ನೋಡಿದಳು. ಬಾಣದ ಹಿಂತುದಿಗೆ ಅರಿಶಿನದ ದಾರ ಸುತ್ತಿತ್ತು. ಕುಂಕುಮದ ಬೊಟ್ಟೂ ಇತ್ತು.

“ಪೂಜಾದ ಬಾಣ ಮೇಡಂ,” ಎಂದ ಹೆಡ್ ಕಾನ್‌ಸ್ಟೆಬಲ್ ಫಕ್ರುದ್ದೀನ. “ನಿನ್ನಿ ಖಂಡೇಪೂಜಾ ಆಯ್ತಲ್ರಿ, ಆಯುಧಪೂಜಾ. ಬಿಲ್ಲು, ಬಾಣ ಎಲ್ಲಾ ಆ ಕೋಣ್ಯಾಗ ಇಟ್ಟಾರ. ಇವತ್ತ ಸಂಜಿಗೆ ಬನ್ನಿ ಮುಡಿಯೂತನಾ ಯಾರೂ ಮುಟ್ಟಂಗಿಲ್ಲ.”

“ಯಾರೋ ಮುಟ್ಯಾರಲ್ಲ ಸಾಬ್ರ.”

ಮೈದಾನದ ಈ ತುದಿಯಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದಿದ್ದರು. ಬಿಲ್ಲುಗಾರರು ಆ ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತು ಬಾಣ ಬಿಡುತ್ತಾರೆ. ನಡುವಿನ ಗುರಿಗೆ ಎದುರಾಗಿ ಗೆರೆ ಕಲಸಿಹೋಗಿತ್ತು. ಅಲ್ಲಿಂದ ಸಾಮಾನು ಕೋಣೆಯ ಕಡೆಗೆ ಬೆಳ್ಳಗಿನ ಹೆಜ್ಜೆಗಳು ಹೋಗಿದ್ದವು. ಹಿಮ್ಮಡಿ ಅಳಿಸಿತ್ತು. ಬೆರಳುಗಳು ಮಾತ್ರ ಸ್ಪಷ್ಟವಾಗಿ ಮೂಡಿದ್ದವು.

ಬರಿಗಾಲು.

ಗೇಟಿನಾಚೆ ಸೇರಿದ್ದ ಜನರಲ್ಲಿ ಅಷ್ಟರಲ್ಲೇ ಗುಸುಗುಸು ಶುರುವಾಯಿತು. ಊರಲ್ಲಿ ಬರಿಗಾಲಲ್ಲಿ ತಿರುಗುವ ಬಿಲ್ಲುಗಾರ ಒಬ್ಬನೇ. ಅಂಬ್ರಪ್ಪ.

ಸಾಮಾನು ಕೋಣೆಗೆ ಬೀಗ ಇರಲಿಲ್ಲ. ಪೂಜೆಯ ದೀಪಕ್ಕೆ ಆಗಾಗ ಎಣ್ಣೆ ಹಾಕಬೇಕೆಂದು ಚಿಲಕ ಮಾತ್ರ ಹಾಕಿದ್ದರು. ಒಳಗೆ ಹೊಸ ಕಾರ್ಬನ್ ಬಿಲ್ಲುಗಳು, ಹಳೆಯ ಬಿದಿರಿನ ಬಿಲ್ಲುಗಳು ಗೋಡೆಗೆ ಒರಗಿದ್ದವು. ಎಲ್ಲಕ್ಕೂ ಚೆಂಡುಹೂವು, ಕುಂಕುಮ. ಒಂದು ಬಿದಿರಿನ ಬಿಲ್ಲಿನ ಹೂವು ಮಾತ್ರ ಸೊಟ್ಟಗೆ ಕೂತಿತ್ತು. ಹಿಡಿಯುವ ಜಾಗದಲ್ಲಿ ಎಣ್ಣೆ, ಕುಂಕುಮ ಎರಡೂ ಕಲಸಿಹೋಗಿದ್ದವು. ಬೆರಳಚ್ಚಿನ ಆಸೆ ಬಿಡಬೇಕಾಗಿತ್ತು.

ಪರಿಮಳಾ ತಿರುಗಿ ನೋಡಿದಳು. ಫಕ್ರುದ್ದೀನ ಹೊಸ್ತಿಲ ಹೊರಗೆ ಬೂಟು ಬಿಚ್ಚಿಟ್ಟು ಒಳಗೆ ಬಂದಿದ್ದ.

“ಸಾಬ್ರ, ಇದೇನು ದರ್ಗಾ ಅಂತ ತಿಳದ್ರೇನು?”

ಫಕ್ರುದ್ದೀನ ತನ್ನ ಕಾಲು ತಾನೇ ನೋಡಿಕೊಂಡು ನಾಚಿದ. “ನಾ ಎಲ್ಲಿ ಬಿಚ್ಚೀನ್ರಿ ಮೇಡಂ. ದೀಪ ನೋಡಿದ ಕೂಡ್ಲೆ ಕಾಲು ತಾನ ಬಿಡ್ತದ. ಸಣ್ಣಾವ ಇದ್ದಾಗಿಂದ ರೂಢಿ.”

ಆ ಮಾತನ್ನು ಪರಿಮಳಾ ಅಲ್ಲೇ ಹಿಡಿದುಕೊಳ್ಳಬೇಕಿತ್ತು. ಹಿಡಿಯಲಿಲ್ಲ. ಅವಳ ಮನೆಯಲ್ಲಿ ಖಂಡೇಪೂಜೆ ಇಲ್ಲ. ಬೂಟು ಹಾಕಿಕೊಂಡೇ ಕೋಣೆಯೆಲ್ಲ ಸುತ್ತಿದ್ದಳು.

* * *

“ಆ ಬಿಲ್ಲು ನಮ್ಮಪ್ಪಂದು,” ಎಂದಳು ಸುಮಂಗಲಾ. “ಮುಚ್ಚಿಟ್ಟು ಪ್ರಯೋಜನ ಇಲ್ಲ. ಹೆಂಗೂ ನಿಮಗ ಗೊತ್ತಾಗ್ತದ.”

ಸುಮಂಗಲಾ ಜಿಲ್ಲೆಯ ಬಿಲ್ಲುಗಾರಿಕೆ ತರಬೇತುದಾರಳು, ಅಂಬ್ರಪ್ಪನ ಒಬ್ಬಳೇ ಮಗಳು. ದೂರದ ಊರುಗಳಲ್ಲಿ ಕಲಿತು ಬಂದವಳು. ಮೂವತ್ತು ದಾಟಿದ ಗಟ್ಟಿ ಆಳು, ಮಾತು ಕಡ್ಡಿ ಮುರಿದಂತೆ. ಬಿಲ್ಲುಗಾರಿಕೆ ಮತ್ತೆ ಕೂಟಕ್ಕೆ ಬಂದದ್ದೇ ಅವಳ ಹಟದಿಂದ. ನಿನ್ನೆ ಪೂಜೆಯ ಹೊತ್ತಿಗೆ ಅವಳು ನಕ್ಕಿದ್ದನ್ನು ಪರಿಮಳಾ ಕಣ್ಣಾರೆ ಕಂಡಿದ್ದಳು: “ಕಾರ್ಬನ್ ಬಿಲ್ಲಿಗೆ ಕುಂಕುಮ ಹಚ್ಚಿದ್ರ ಅಂಟು ಹಿಡಿತದ, ಅಷ್ಟ. ಇವೆಲ್ಲಾ ನಾಟಕ.”

“ನಿಮಗ ಯಾರ ಮ್ಯಾಲಾದ್ರೂ ಅನುಮಾನ?”

“ಕಡೇಚೂರಿನ ಸಂಗಮನಾಥ. ಫ್ಯಾಕ್ಟರ್ಯಾಗ ಕೆಲಸ ಮಾಡ್ತಾನ. ಛಲೋ ಬಿಲ್ಲುಗಾರ. ಪಾಳಿ ಮುಗಿಸಿ ತಡಾ ಮಾಡಿ ಬಂದ ಅಂತ ಮೊನ್ನಿ ಸಾಹುಕಾರ್ರು ತಂಡದಿಂದ ಹೊರಗ ಹಾಕಿದ್ರು. ‘ನಿನ್ನ ಎದಿನ ನಿಶಾನಿ ಮಾಡ್ತೀನಿ’ ಅಂತ ಎಲ್ಲಾರ ಮುಂದ ಒದರಿ ಹೋಗ್ಯಾನ.”

“ಇಲ್ಲಿ ಒಂದು ಹೆಜ್ಜಿ ಗುರುತು ಸಿಕ್ಕದ,” ಎಂದಳು ಪರಿಮಳಾ. “ಬರಿಗಾಲು.”

ಸುಮಂಗಲಾಳ ಮುಖ ಬಿಳಿಚಿತು. ಅಪ್ಪನ ಮೇಲೆ ಬರುತ್ತದೆಂದು ಹೆದರಿದಳು ಪಾಪ, ಎಂದುಕೊಂಡಳು ಪರಿಮಳಾ. ಹೆದರಿದ್ದು ಅದಕ್ಕೇ, ಅದರಲ್ಲಿ ಸುಳ್ಳಿಲ್ಲ.

ಗೇಟಿನ ಬಳಿ ಶರೀಫಾಬೀಗೆ ಈಗ ಧ್ವನಿ ಮರಳಿತ್ತು. ಗಾಡಿಯ ಒಲೆ ಹಚ್ಚುತ್ತಿದ್ದಾಗ ಮೈದಾನದೊಳಗೆ ಮಾತು ಕೇಳಿಸಿತ್ತಂತೆ, ಯಾರ ಧ್ವನಿ ಎಂದು ತಿಳಿಯಲಿಲ್ಲವಂತೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ.

“ಆಮ್ಯಾಲ ಸೀಟಿ ಊದಿದ್ರು ಅಮ್ಮಾ. ಹುಡುಗ್ರು ಪ್ರಾಕ್ಟೀಸ್ ಮಾಡಾಕತ್ತಾರ ಅಂತ ನಾ ಬಿಟ್ಟೆ.”

“ಎಷ್ಟು ಸಲ ಊದಿದ್ರು?”

“ಮೊದಲ ಮೂರು. ಟೀ, ಟೀ, ಟೀ. ಸ್ವಲ್ಪ ತಡದು ಒಂದು. ಅಷ್ಟ. ಅದಕ್ಕೇನು ಅರ್ಥನೋ ನನಗ ಗೊತ್ತಿಲ್ಲವಾ.”

ಪರಿಮಳಾಗೂ ಗೊತ್ತಿರಲಿಲ್ಲ.

* * *

ನಿನ್ನೆ ಸಂಜೆಯ ಭಾಷಣಕ್ಕೆ ಪರಿಮಳಾ ಬಂದೋಬಸ್ತಿನಲ್ಲಿ ನಿಂತಿದ್ದಳು. ಅರ್ಧ ಕಿವಿಯಲ್ಲಿ ಕೇಳಿದ್ದಳು. ಜೀಪು ಕಡೇಚೂರಿನ ದಾರಿ ಹಿಡಿದಾಗ ಆ ಮಾತುಗಳನ್ನು ಮತ್ತೆ ನೆನಪಿಗೆ ತಂದುಕೊಂಡಳು.

ಕೂಟದಲ್ಲಿ ಬಿಲ್ಲುಗಾರಿಕೆ ಬೆಳೆದು ಬಂದ ಬಗೆಯನ್ನು ಶಾಂತಪ್ಪ ಮೈಕಿನಲ್ಲಿ ಹೇಳಿದ್ದರು. ಮೊದಲ ವರ್ಷ ಸುರಪುರದ ಮುದುಕರು ಬಿದಿರು ಬಿಲ್ಲು ಹೆಗಲಿಗೇರಿಸಿಕೊಂಡು ಬಂದದ್ದು. ಕಕ್ಕೇರಾದ ರೈತರು ಗುರಿ ಕಟ್ಟಲು ಗಾಡಿಗಟ್ಟಲೆ ಕಣಿಕೆ ತಂದು ಸುರಿದದ್ದು. ಕುಸ್ತಿ ಬಿಟ್ಟು ಜನ ಬಿಲ್ಲು ನೋಡಲು ಮುಗಿಬಿದ್ದದ್ದು. ಹೆಣ್ಣುಮಕ್ಕಳ ಪಂದ್ಯ ಶುರುವಾಗಿ ಕಸ್ತೂರಿ ಎಂಬ ಹುಡುಗಿ ಗಂಡಸರನ್ನೂ ಮೀರಿಸಿದ್ದು. ಆಮೇಲೆ ಧ್ವನಿ ಇಳಿಸಿದ್ದರು.

“ಹದಿನೈದು ವರ್ಷದ ಹಿಂದ ಶಹಾಪುರದಾಗ ಒಬ್ಬ ಬಿಲ್ಲುಗಾರ ಕುಡದು ಬಂದು ಬಾಣ ಬಿಟ್ಟ. ಆ ಬಾಣ ಕಸ್ತೂರಿಗೆ ಬಿತ್ತು. ಚಿನ್ನದಂಥಾ ಹುಡುಗಿ ಹೋದಳು. ಆಟಾನೂ ಬಂದ್ ಆತು. ಆದ್ರ ಸಿಟ್ಟು ಎಷ್ಟು ದಿನಾ ಇಟ್ಕೊಳ್ಳೂದು? ನಾಳಿ ಬನ್ನಿ ಮುಡಿಯೂ ಹೊತ್ತಿನ್ಯಾಗ, ಎಲ್ಲಾರ ಮುಂದ, ನಾನ ಅಂಬ್ರಪ್ಪಗ ಬನ್ನಿ ಕೊಟ್ಟು ಕ್ಷಮಾ ಮಾಡ್ತೀನಿ!”

ಜನ ಚಪ್ಪಾಳೆ ತಟ್ಟಿದ್ದರು, ಪರಿಮಳಾಳೂ. ಮೈದಾನಕ್ಕೆ ನೀರು ಹೊಡೆಯುತ್ತಿದ್ದ ಅಂಬ್ರಪ್ಪ ತಲೆ ಎತ್ತಿರಲಿಲ್ಲ. ಕೂಟದವರು ಪಂದ್ಯದಿಂದ ಹೊರಗಟ್ಟಿದರೂ ಮೈದಾನದ ಕೂಲಿಗೆ ಕರೆಯುವುದನ್ನು ಬಿಟ್ಟಿರಲಿಲ್ಲ. ದೊಡ್ಡವರ ದೊಡ್ಡತನ ಅಂದರೆ ಇದೇ.

ಬನ್ನಿ ಎಂದರೆ ಈ ಕಡೆ ಸಣ್ಣ ಮಾತಲ್ಲ. ದಶಮಿಯ ಸಂಜೆ ಬನ್ನಿ ಎಲೆ ಕೊಟ್ಟು ‘ಬಂಗಾರದಂಗ ಇರೋಣು’ ಎಂದರೆ ಎಂಥ ಹಗೆಯೂ ಅಲ್ಲಿಗೆ ತೀರಬೇಕು. ಬನ್ನಿ ತೆಗೆದುಕೊಂಡ ಮೇಲೂ ದ್ವೇಷ ಇಟ್ಟುಕೊಂಡವನನ್ನು ಮನುಷ್ಯ ಎನ್ನುವುದಿಲ್ಲ.

ಸಂಗಮನಾಥ ಕಡೇಚೂರಿನ ಬಾಡಿಗೆ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಪೊಲೀಸರನ್ನು ಕಂಡು ದಡಬಡಿಸಿ ಎದ್ದ.

“ಬೈದದ್ದು ಖರೆ ಮೇಡಂ. ಬಾಯಿ ಚಟ. ರಾತ್ರಿ ಪಾಳಿ ಮಾಡಿ ಬೆಳಕು ಹರದ ಮ್ಯಾಲ ಹೊರಗ ಬಂದೀನಿ. ಗೇಟಿನ ಕ್ಯಾಮೆರಾ ನೋಡ್ರಿ.”

ಫ್ಯಾಕ್ಟರಿಯವರು ಕ್ಯಾಮೆರಾ ತೋರಿಸಿದರು. ಹುಡುಗ ಹೇಳಿದ್ದು ಸತ್ಯ. ಶಾಂತಪ್ಪ ಸತ್ತ ಹೊತ್ತಿಗೆ ಇವನು ಹೆಲ್ಮೆಟ್ಟು ಹಾಕಿಕೊಂಡು ಚೀಲ ಹೊರುತ್ತಿದ್ದ.

ಎದ್ದು ಹೊರಡುವಾಗ ಪರಿಮಳಾ ಕೇಳಿದಳು: “ನಿಮ್ಮ ಆಟದಾಗ ಮೂರು ಸೀಟಿ ಅಂದ್ರ ಏನು?”

“ಬಾಣ ಬಿಡೂದು ಮುಗೀತು, ಗುರಿ ಕಡೆ ಹೋಗಿ ನಿಮ್ಮ ನಿಮ್ಮ ಬಾಣ ಕಿತ್ಕೊಂಡು ಬರ್ರಿ ಅಂತ.”

“ಒಂದು ಸೀಟಿ?”

“ಬಾಣ ಬಿಡ್ರಿ ಅಂತ.” ಸಂಗಮನಾಥ ತಲೆ ಕೆರೆದುಕೊಂಡ. “ಮೂರು ಊದಿದ ಮ್ಯಾಲ ಎಲ್ಲಾರೂ ತಿರುಗಿ ಬರೂತನಾ ಒಂದು ಊದಂಗಿಲ್ರಿ. ಊದಿದ್ರ ಗುರಿ ಹತ್ರ ಇದ್ದಾವ ಸತ್ತ.”

ಕೊಂದವರು ಸುಮ್ಮನೆ ಕೊಂದಿರಲಿಲ್ಲ. ಶಿಕ್ಷೆ ಕೊಟ್ಟಿದ್ದರು.

* * *

ಠಾಣೆಗೆ ಮರಳಿದರೆ ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬರ ಮುಖ ಹಬ್ಬದ ಮುಖವಾಗಿತ್ತು.

“ಕೇಸ್ ಮುಗೀತು ಪರಿಮಳಾ. ಅಂಬ್ರಪ್ಪ ತಾನ ಬಂದು ಒಪ್ಕೊಂಡಾನ. ಸಂಜಿ ಉದ್ಘಾಟನಾ ನಿಲ್ಲಂಗಿಲ್ಲ. ಹೇಳಿಕಿ ತಗೊಂಡು ಮುಗಿಸ್ರಿ.”

ಅಂಬ್ರಪ್ಪ ಬೆಂಚಿನ ಮೇಲೆ ಕೂರದೆ ನೆಲದಲ್ಲಿ ಕೂತಿದ್ದ. ಒಣಗಿದ ಸಣ್ಣ ದೇಹ. ಕೈ ಎರಡೂ ಮೊಣಕಾಲಿನ ಮೇಲೆ.

“ಮ್ಯಾಲ ಕುಂದರ್ರಿ ಕಾಕಾ,” ಎಂದಳು ಪರಿಮಳಾ. “ಹೆಂಗ ಮಾಡಿದ್ರಿ, ಹೇಳ್ರಿ.”

“ಏನದ ಹೇಳೂದು. ಅವ ಬಂದ. ನಾ ಬಿಲ್ಲು ತಗೊಂಡೆ. ಬಿಟ್ಟೆ.”

“ಮಾತಾಡಿದ್ರ್ಯಾ ಅವರ ಸಂಗಾಟ?”

“ಇಲ್ಲವಾ. ಮಾತೇನು. ಹಿಂದಿಂದ ಬಿಟ್ಟೆ.”

“ಹಿಂದಿಂದ?”

“ಹೂಂ.”

“ಸೀಟಿ ಊದಿದ್ರ್ಯಾ?”

ಮುದುಕ ಥಟ್ಟನೆ ತಲೆ ಎತ್ತಿದ. ಕಣ್ಣಲ್ಲಿ ಗಾಬರಿ. “ಸೀಟಿ? ಯಾರು ಊದಿದ್ರು ಸೀಟಿ?”

ಬಾಣ ಎದೆಗೆ ಬಿದ್ದದ್ದೂ ಈತನಿಗೆ ಗೊತ್ತಿಲ್ಲ, ಸೀಟಿಯೂ ಗೊತ್ತಿಲ್ಲ. ಪರಿಮಳಾ ಅವನ ಪಾದಗಳನ್ನು ನೋಡಿದಳು. ಹದಿನೈದು ವರ್ಷ ಕಲ್ಲು, ಮುಳ್ಳು, ಬಿಸಿಲು ತುಳಿದ ಪಾದಗಳು. ಮುಂಗಾಲು ಅಗಲವಾಗಿ ಹರಡಿತ್ತು. ಬೆರಳುಗಳು ಒಂದಕ್ಕೊಂದು ಮುನಿಸಿಕೊಂಡಂತೆ ದೂರದೂರ ನಿಂತಿದ್ದವು. ಮೊಬೈಲಿನಲ್ಲಿದ್ದ ಸುಣ್ಣದ ಹೆಜ್ಜೆಯ ಫೋಟೊ ತೆಗೆದು ಪಕ್ಕಕ್ಕೆ ಹಿಡಿದಳು. ಅದರಲ್ಲಿ ಐದೂ ಬೆರಳು ಒತ್ತೊತ್ತಾಗಿ ಕೂಡಿದ್ದವು. ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ಮಡಚಿತ್ತು. ವರ್ಷಗಟ್ಟಲೆ ಬೂಟಿನಲ್ಲಿ ಬೆಳೆದ ಕಾಲು ಅದು.

“ಚಪ್ಪಲಿ ಯಾವಾಗಿಂದ ಬಿಟ್ರಿ ಕಾಕಾ?”

“ಕಸ್ತೂರಿ ಸತ್ತ ದಿನಾ.”

“ಅವತ್ತು ಏನಾತು?”

ಆತ ಹೇಳಿದ. ಕುಡಿದವನ ತೊದಲು ಅದರಲ್ಲಿ ಇರಲಿಲ್ಲ.

“ಮೂರು ಸೀಟಿ ಆಗಿತ್ತವಾ. ಹುಡುಗ್ಯಾರು ಬಾಣ ತರಾಕ ಹೋಗಿ ತಿರುಗಿ ಬಂದ್ರು. ಕಸ್ತೂರಿದು ಒಂದು ಬಾಣ ಗುರಿ ಹಿಂದ ಹೋಗಿತ್ತು. ಹುಡುಕಾಕತ್ತಿದ್ಲು. ನಮಗ ಕಾಣಂಗಿಲ್ಲ. ಆ ಹೊತ್ತಿಗೆ ದೊಡ್ಡ ಅತಿಥಿ ಬಂದ್ರು. ಫೋಟೊಕ್ಕ ಬಾಣ ಬಿಡೂದು ಬೇಕಾಗಿತ್ತು. ಸೀಟಿ ಹಿಡಿದಾವನ ಕೈಯಾಗಿಂದು ಕಸಗೊಂಡು ಶಾಂತಪ್ಪ ತಾನ ಒಂದು ಊದಿದ. ನಾ ಬಿಟ್ಟೆ. ಸೀಟಿ ಅಂದ್ರ ನಮಗ ದೇವರ ಮಾತು. ಆಕಿ ಎದ್ದು ನಿಂತ್ಲು...”

“ಹೇಳಲಿಲ್ಲೇನು ಯಾರಿಗೂ?”

“ಹೇಳದ ಇರ್ತೀನೇನು? ಅವ ‘ನಾ ಊದೇ ಇಲ್ಲ, ಇವ ಕುಡದಾನ’ ಅಂದ. ಜನಾ ಅವನ ಮಾತು ಕೇಳಿದ್ರು. ನಾ ಒಂದು ಹನಿ ಮುಟ್ಟಿದಾವ ಅಲ್ಲವಾ. ಅವತ್ತಿಂದ ಬಿಲ್ಲೂ ಮುಟ್ಟಿಲ್ಲ. ಇಷ್ಟು ವರ್ಷ ಒಂದ ಬೇಡಿಕಿ. ಶಾಂತಪ್ಪನ ಬಾಯಾಗಿಂದ ಆ ಒಂದು ಮಾತು ಬರ್ಲಿ, ‘ಸೀಟಿ ಊದಿದಾವ ನಾನ’ ಅಂತ. ಅಷ್ಟ ಸಾಕಿತ್ತು.”

ಅಂದವನು ತಪ್ಪು ಮಾಡಿದೆನೆಂದು ಬಾಯಿ ಮುಚ್ಚಿಕೊಂಡ. “ನಾನ ಕೊಂದೀನಿ ಅಂತ ಬರಕೋರಿ,” ಎಂದು ಗೋಡೆಯ ಕಡೆ ತಿರುಗಿದ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಮಾತು ಹಳೆಯದು. ಆದರೆ ಎರಡನೆಯ ಸಲ ತಾನಾಗಿ ಬಂದು ಬೆನ್ನು ಕೊಡುವ ಎಮ್ಮೆಯನ್ನು ಪರಿಮಳಾ ನೋಡಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಒಂದು ಸಲ ಈ ಮನುಷ್ಯನ ತಲೆಗೆ ಸುಳ್ಳು ಕಟ್ಟಿದ್ದಾರೆ. ಇನ್ನೊಂದು ಸಲ ತನ್ನ ಕೈಯಿಂದ ಅದು ಆಗಬಾರದು.

ಹೊರಗೆ ಬಂದಳು. ಫಕ್ರುದ್ದೀನ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ. ಠಾಣೆಯ ಬಂದೂಕುಗಳಿಗೂ ನಿನ್ನೆ ಪೂಜೆಯಾಗಿತ್ತು. ಆ ಕೋಣೆಯಿಂದ ಈಗಷ್ಟೇ ಬಂದಿದ್ದ.

ಬೆಳಗಿನ ಮಾತು ಆಗ ನೆನಪಿಗೆ ಬಂತು. ಕಾಲು ತಾನ ಬಿಡ್ತದ.

“ಸಾಬ್ರ, ಜೀಪ್ ತೆಗೀರಿ. ಮೈದಾನಕ್ಕ.”

* * *

ಮೈದಾನದಲ್ಲಿ ಶಾಮಿಯಾನ ಏಳುತ್ತಿತ್ತು. ಬನ್ನಿ ಕೊಂಬೆಗಳ ಹೊರೆ ಬಂದು ಬಿದ್ದಿತ್ತು. ಸುಮಂಗಲಾ ಒಂದು ಕಂಬಕ್ಕೆ ಒರಗಿ ಒಬ್ಬಳೇ ಕೂತಿದ್ದಳು. ಪೊಲೀಸರನ್ನು ಕಂಡು ಎದ್ದು ಓಡಿ ಬಂದಳು.

“ಅಪ್ಪನ್ನ ಯಾಕ ಹಿಡಿದೀರಿ? ಅವ ಮಾಡಿಲ್ಲ.”

“ತಾವ ಬಂದು ಒಪ್ಕೊಂಡಾರ,” ಎಂದಳು ಪರಿಮಳಾ. “ಒಂದು ಕೆಲಸ ಬಾಕಿ ಅದ. ಅವರ ಬಿಲ್ಲು ಯಾವುದು ಅಂತ ನೀವು ಗುರುತು ಹಿಡೀಬೇಕು. ಲಗೂ ಬರ್ರಿ.”

ಸುಮಂಗಲಾ ಮುಂದೆ ಮುಂದೆ ಸರಸರ ನಡೆದಳು. ಚಿಲಕ ತೆಗೆದಳು. ಒಳಗೆ ದೀಪ ಉರಿಯುತ್ತಿತ್ತು. ಅವಳ ಧ್ಯಾನವೆಲ್ಲ ಅಪ್ಪನ ಮೇಲೆ. ಹಿಮ್ಮಡಿಗೆ ಹಿಮ್ಮಡಿ ಒತ್ತಿ ಎರಡೂ ಕ್ಯಾನ್ವಾಸ್ ಬೂಟು ಹೊಸ್ತಿಲ ಹೊರಗೇ ಕಳಚಿ, ಬರಿಗಾಲಲ್ಲಿ ಒಳಗೆ ಹೋಗಿ, ಸೊಟ್ಟ ಹೂವಿನ ಬಿಲ್ಲು ತೋರಿಸಿದಳು.

“ಇದ.”

ತಿರುಗಿ ನೋಡಿದರೆ ಪರಿಮಳಾ ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಸುಮಂಗಲಾಳ ಬೂಟು.

“ನಾಟಕ ಅಂದಿದ್ರಿ ಈ ಪೂಜಾ,” ಎಂದಳು ಪರಿಮಳಾ. “ಬಾಯಿ ಅಂತು. ಕಾಲು ಕೇಳಲಿಲ್ಲ.”

ಸುಮಂಗಲಾ ತನ್ನ ಪಾದ ನೋಡಿಕೊಂಡಳು. ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ಮಡಚಿಕೊಂಡಿತ್ತು. ಅಲ್ಲಿಂದ ಓಡುವ ಪ್ರಯತ್ನವನ್ನೇನೂ ಅವಳು ಮಾಡಲಿಲ್ಲ.

“ಬರಿಗಾಲು ಅಂದ ಕೂಡ್ಲೆ ಎಲ್ಲಾರಿಗೂ ಅಂಬ್ರಪ್ಪ ಕಾಕಾನ ನೆನಪಾದ್ರು,” ಎಂದಳು ಪರಿಮಳಾ. “ನನಗೂ. ಆದ್ರ ಆ ಹೆಜ್ಜಿ ಬೂಟಿನ ಕಾಲಿಂದು. ಬೂಟು ಹಾಕ್ಕೊಳ್ಳಾವರು ಯಾಕ ಬರಿಗಾಲಾದ್ರು? ಕೊಲಿ ಮಾಡಾಕ ಬಂದಾವ ಬೂಟು ಬಿಚ್ಚತಾನೇನು? ಪೂಜಾದ ಬಿಲ್ಲು ಮುಟ್ಟಾಕ ಬಂದಾವರು ಬಿಚ್ಚತಾರ. ಪೂಜಾದ ಬಿಲ್ಲು ಕೈಯಾಗ ಇರೂತನಾ ತಿರುಗಿ ಹಾಕ್ಕೊಳ್ಳಂಗಿಲ್ಲ. ಗೆರಿತನಾ ಹಂಗ ಹೋದ್ರಿ, ಹಂಗ ತಿರುಗಿ ಬಂದ್ರಿ. ಬಿಲ್ಲು ಇದ್ದಲ್ಲೇ ಇಟ್ಟು, ಹೂವು ಏರಿಸಿ, ಆಮ್ಯಾಲ ಬೂಟು ಹಾಕ್ಕೊಂಡ್ರಿ.”

“ಇಲ್ಲಿ ಎಲ್ಲಾರೂ ಬೂಟು ಬಿಚ್ಚತಾರ.”

“ಹೌದು. ಬೂಟಿನ ಹೊರಗ ಸುಣ್ಣ ಇವತ್ತ ಈ ಮೈದಾನದಾಗ ಎಲ್ಲಾರಿಗೂ ಹತ್ತೇದ.” ಪರಿಮಳಾ ಬೂಟನ್ನು ಬೆಳಕಿಗೆ ಓರೆ ಮಾಡಿದಳು. ಒಳಗಿನ ಅಟ್ಟೆಯ ಮೇಲೆ ಬೆಳ್ಳಗೆ ಐದು ಬೆರಳು ಮೂಡಿದ್ದವು. ಒಂದು ಮಡಚಿತ್ತು. “ಒಳಗ ಹೆಂಗ ಬಂತು, ಹೇಳ್ರಿ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯಲ್ಲ ಸುಮಂಗಲಾ. ಬಿಲ್ಲನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು.

“ಅಪ್ಪನ್ನ ಬಿಡ್ರಿ. ನಾನ ಕೊಂದೀನಿ. ಮೂರು ಸೀಟಿ ಊದಿದೆ, ಗುರಿ ಹತ್ರ ಇದ್ದಾವ ತಿರುಗಿ ನೋಡಿದ. ಅವಗ ಅರ್ಥ ಆತು. ಅರ್ಥ ಆಗೂತನಾ ತಡದೆ. ಆಮ್ಯಾಲ ಒಂದು ಊದಿದೆ. ಕಸ್ತೂರಿ ನನ್ನ ಜೀವದ ಗೆಳತಿ. ಅವತ್ತು ಗೆರಿ ಹಿಂದಿನ ಸಾಲಿನ್ಯಾಗ ನಾ ನಿಂತಿದ್ದೆ. ಆ ಒಂದು ಸೀಟಿ ನನ್ನ ಕಿವ್ಯಾಗ ಹದಿನೈದು ವರ್ಷ ಊದಾಕತ್ತದ ಮೇಡಂ. ಬಿಲ್ಲುಗಾರಿಕಿ ಈ ಕೂಟಕ್ಕ ತಿರುಗಿ ತಂದದ್ದು ಪದಕಕ್ಕಲ್ಲ. ಮೈಕ್ ಅವನ ಕೈಗೆ ಕೊಟ್ರ ಖರೆ ಹೇಳ್ತಾನೇನು ನೋಡೂಣು ಅಂತ.”

“ಹೇಳಲಿಲ್ಲ.”

“ಕ್ಷಮಾ ಮಾಡ್ತೀನಿ ಅಂದ!” ಸುಮಂಗಲಾಳ ಹಲ್ಲು ಕಟಕಟಿಸಿತು. “ಕೊಂದಾವ ಕ್ಷಮಾ ಮಾಡ್ತೀನಿ ಅಂದ. ನಮ್ಮಪ್ಪಗ! ಬನ್ನಿ ಕೊಟ್ಟು! ಕೊಟ್ರ ನಮ್ಮಪ್ಪ ತಗೊಂತಾನ. ಬ್ಯಾಡ ಅನ್ನೂ ಮನುಷ್ಯಾ ಅಲ್ಲ ಅವ. ಬನ್ನಿ ತಗೊಂಡ ಮ್ಯಾಲ ಸೇಡು ಇಲ್ಲ, ನ್ಯಾಯ ಇಲ್ಲ, ಎಲ್ಲಾ ಬಂಗಾರ. ಅದಕ್ಕ ಸಂಜಿ ಆಗೂದ್ರಾಗ ಮುಗಿಸಿದೆ.”

ಪರಿಮಳಾ ಬೂಟನ್ನು ಚೀಲಕ್ಕೆ ಹಾಕಿ ಮುದ್ರೆ ಒತ್ತಿದಳು. ಅವಳಿಗೆ ಗೆದ್ದ ಖುಷಿ ಇರಲಿಲ್ಲ. ನಿನ್ನೆ ಆ ಚಪ್ಪಾಳೆ ತಟ್ಟಿದವರಲ್ಲಿ ತಾನೂ ಒಬ್ಬಳಾಗಿದ್ದಳಲ್ಲ ಎಂದು ನಾಚಿಕೆಯಾಯಿತು.

* * *

ಠಾಣೆಯಲ್ಲಿ ಅಪ್ಪ ಮಗಳು ಎದುರಾದರು. ಅಂಬ್ರಪ್ಪನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಬೆಳಿಗ್ಗೆ ಬಿಲ್ಲು ತನ್ನದೆಂದು ಸುದ್ದಿ ಬಂದಾಗಲೇ ಅವನಿಗೆ ಗೊತ್ತಾಗಿತ್ತು. ಆ ಬಿಲ್ಲು ಎಳೆಯುವ ಕಸುವು ತನ್ನನ್ನು ಬಿಟ್ಟರೆ ಒಬ್ಬಳಿಗೇ ಇತ್ತು.

“ಶರೀಫಾಬೀ ಮಾತು ಕೇಳಿಸ್ತು ಅಂದಾಳ,” ಎಂದಳು ಪರಿಮಳಾ. “ಮೊದಲ ಏನು ಮಾತಾಡಿದ್ರಿ ಶಾಂತಪ್ಪನ ಸಂಗಾಟ?”

ಸುಮಂಗಲಾ ಅಪ್ಪನ ಕಡೆ ನೋಡಿಯೇ ಉತ್ತರ ಕೊಟ್ಟಳು. ಅವಳ ಮುಖದಲ್ಲಿ ಒಂದು ಬಗೆಯ ಹೆಮ್ಮೆ ಇತ್ತು.

“ಸೀಟಿ ಯಾರು ಊದಿದ್ರು ಅಂತ ಕೇಳಿದೆ. ಮೊದಲ ನಕ್ಕ. ಹಳೇ ಮಾತು ಬಿಡವಾ ಅಂದ. ನಾ ಬಿಡಲಿಲ್ಲ. ಕಸ್ತೂರಿ ಹೆಸರು ಹೇಳಿ ಹೇಳಿ ಕೇಳಿದೆ. ಕಡೀಕ ಒಪ್ಕೊಂಡ ಅಪ್ಪಾ! ಊದಿದಾವ ನಾನ ಅಂದ. ಅಳಾಕ ಹತ್ತಿದ.”

“ಒಪ್ಕೊಂಡನಾ?” ಅಂಬ್ರಪ್ಪ ಎದ್ದು ನಿಂತ. “ಶಾಂತಪ್ಪ? ತನ್ನ ಬಾಯಾರೆ?”

“ತನ್ನ ಬಾಯಾರೆ. ಇವತ್ತ ಸಂಜಿಗೆ ಮೈಕಿನ್ಯಾಗ ಎಲ್ಲಾರ ಮುಂದ ಖರೆ ಹೇಳ್ತೀನಿ, ನಿಮ್ಮಪ್ಪನ ಪಾದಕ್ಕ ಬಿದ್ದು ಬನ್ನಿ ಕೊಡ್ತೀನಿ ಅಂದ. ಹಂಗಂದು ಮತ್ತ ತಿರುಗಾಡಾಕ ಹೋದ.”

“ಮತ್ತ?”

“ನಾ ಹೋಗಿ ಬಿಲ್ಲು ತಂದೆ.”

ಅಂಬ್ರಪ್ಪ ಮಗಳನ್ನೇ ನೋಡಿದ. ಕೇಳಿದ್ದು ಅರ್ಥವಾಗಲಿಲ್ಲವೇನೋ ಎಂಬಂತೆ ಇನ್ನೊಮ್ಮೆ ಕೇಳಿದ. “ಸಂಜಿಗೆ ಹೇಳ್ತೀನಿ ಅಂದ ಮ್ಯಾಲ?”

“ಹೇಳಿದ್ರ ಅವ ಉಳಿತಿದ್ದ ಅಪ್ಪಾ. ಹೇಳಿ, ಅತ್ತು, ಬನ್ನಿ ಕೊಟ್ಟು, ದೊಡ್ಡ ಮನುಷ್ಯಾ ಆಗಿ ಮನಿಗೆ ಹೋಗ್ತಿದ್ದ. ಕಸ್ತೂರಿಗೆ ಬನ್ನಿ ಯಾರು ಕೊಡ್ತಾರ?”

ಅಂಬ್ರಪ್ಪ ಮೊದಲು ಕೂತಿದ್ದ ಜಾಗದಲ್ಲೇ ಮತ್ತೆ ನೆಲಕ್ಕೆ ಕೂತ.

“ಜಗತ್ತಿನ್ಯಾಗ ಆ ಮಾತು ಹೇಳಾವ ಅವ ಒಬ್ಬನ ಇದ್ದ ಯವ್ವಾ,” ಎಂದ. “ಈಗ ಯಾರು ಹೇಳ್ತಾರ?”

“ನಾ ಹೇಳ್ತೀನಿ! ಕೋರ್ಟಿನ್ಯಾಗ ಹೇಳ್ತೀನಿ, ಒಪ್ಕೊಂಡು ಸತ್ತ ಅಂತ!”

ಪರಿಮಳಾ ಪೆನ್ನು ಹಿಡಿದು ಕೂತಿದ್ದಳು. ಸುಮಂಗಲಾ ಹೇಳಿದ್ದನ್ನೆಲ್ಲ ಬರೆದುಕೊಂಡಳು, ಒಂದು ಅಕ್ಷರವನ್ನೂ ಬಿಡಲಿಲ್ಲ. ಬರೆಯುತ್ತಲೇ ಅವಳಿಗೆ ಗೊತ್ತಿತ್ತು. ಕೊಂದವಳ ಮಾತು, ಅದರಲ್ಲೂ ಮಗಳ ಮಾತು. ಯಾವ ನ್ಯಾಯಾಧೀಶರೂ ನಂಬುವುದಿಲ್ಲ, ಯಾವ ಊರೂ ನಂಬುವುದಿಲ್ಲ.

ಊರು ಕಾಯಲೂ ಇಲ್ಲ. ಠಾಣೆಯ ಗೇಟಿನ ಮುಂದೆ ಸೇರಿದ್ದ ಗುಂಪಿನಿಂದ ಯಾರೋ ಕೂಗಿದರು: “ಅಪ್ಪ ಕುಡದು ಒಂದು ಜೀವಾ ತಗೊಂಡ, ಮಗಳು ಕುಡೀದ ಒಂದು ಜೀವಾ ತಗೊಂಡ್ಲು!” ಉಳಿದವರು ಹೋ ಎಂದರು.

ಅಂಬ್ರಪ್ಪ ಕೇಳಿಸಿಕೊಂಡ. ಸುಮಂಗಲಾಳೂ ಕೇಳಿಸಿಕೊಂಡಳು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದವಳು ಅಪ್ಪನ ಮುಂದೆ ಕುಸಿದು ಕೂತು ಅವನ ಪಾದ ಹಿಡಿದುಕೊಂಡು ಗೊಳೋ ಎಂದು ಅತ್ತಳು. ಅವನು ಪಾದ ಎಳೆದುಕೊಳ್ಳಲಿಲ್ಲ. ಅಳಬೇಡ ಎಂದೂ ಹೇಳಲಿಲ್ಲ.